ವಡಾಲದ ಪೆಟ್ಟು, ಅಂಧೇರಿಯ ಬೆರಳು

ಅಂಧೇರಿ ಪೂರ್ವದ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ಎರಡನೇ ಮಹಡಿಯಲ್ಲಿ ಬೆಳಕು ಹರಿಯುವ ಮೊದಲೇ ಮದುವೆ ದಿಬ್ಬಣ ಹೊರಟಿದೆ. ಕುದುರೆಯ ಮೇಲೆ ವರ ಇದ್ದಾನೆ, ಮುಂದೆ ಕುಣಿಯುವ ಸೋದರಮಾವಂದಿರಿದ್ದಾರೆ, ಬಾಗಿಲಲ್ಲಿ ಕಣ್ಣು ಕೆಂಪು ಮಾಡಿಕೊಂಡು ನಿಂತ ಅತ್ತೆ ಇದ್ದಾಳೆ. ಸದ್ದು ಮಾತ್ರ ಇಲ್ಲ. ಎಲ್ಲರೂ ಕಂಪ್ಯೂಟರಿನ ಪರದೆಯ ಮೇಲೆ ಮೂಕರಾಗಿ ಕುಣಿಯುತ್ತಿದ್ದಾರೆ. ಅವರ ಕಾಲಿಗೆ ತಾಳ ಒದಗಿಸಬೇಕಾದ ಶಿವಕುಮಾರಿ ಕುರ್ಚಿ ಎಳೆದುಕೊಂಡು, ಎಡಗೈಯನ್ನು ಕೀಬೋರ್ಡಿನ ಮೇಲಿಟ್ಟು, ನೋಡದೆಯೇ ಒಂದು ಕೀ ಒತ್ತುತ್ತಾರೆ. ಢೋಲಕಿಯ ಒಂದು ತುಂಡು ಎರಡಾಗಿ, ನಾಲ್ಕಾಗಿ ಹಬ್ಬಬೇಕಿತ್ತು. ಅದರ ಬದಲು ಇದ್ದ ತುಂಡೇ ಮಾಯವಾಗುತ್ತದೆ.

“ಮತ್ತ ಮುಟ್ಯಾನ!” ಪೇಪರಿಗೆ ಬರೆಯಲೆಂದು ಬಂದ ನಮ್ಮ ಕಡೆ ತಿರುಗಿ ಶಿವಕುಮಾರಿ ಹಣೆ ಹಣೆ ಬಡಿದುಕೊಳ್ಳುತ್ತಾರೆ. “ದಿನಾ ಹೇಳ್ತೀನ್ರಿ, ನನ್ನ ಕೀ ಮುಟ್ಟಬ್ಯಾಡೋ ಅಂತ. ಗ್ವಾಡಿಗೆ ಹೇಳಿದ್ರ ಇಷ್ಟೊತ್ತಿಗೆ ಗ್ವಾಡಿ ಕೇಳ್ತಿತ್ತು.”

ಮುಟ್ಟಿದವನು ಅಮಿತ, ಹಗಲು ಪಾಳಿಯ ಎಂಜಿನಿಯರ್. ಮನೆತನ ಬೆಳಗಾವಿ ಕಡೆಯದು, ಹುಟ್ಟಿ ಬೆಳೆದದ್ದೆಲ್ಲ ವಿಲೆ ಪಾರ್ಲೆ. ಇಬ್ಬರೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಸಂಗೀತದ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುತ್ತಾರೆ. ಆದರೆ ಯಾವ ಕೀ ಒತ್ತಿದರೆ ಏನಾಗಬೇಕು ಎಂಬ ವಿಷಯದಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಶಿವಕುಮಾರಿ ವರ್ಷಗಟ್ಟಲೆ ಕೂತು ತಮ್ಮ ಬೆರಳಿಗೆ ಒಗ್ಗುವಂತೆ ಶಾರ್ಟ್‌ಕಟ್‌ಗಳನ್ನು ಹೊಂದಿಸಿಕೊಂಡಿದ್ದಾರೆ. ಅಮಿತ ಬಂದವನೇ ಎಲ್ಲವನ್ನೂ ಕಂಪನಿ ಕೊಟ್ಟ ಹಾಗೆ ಮರಳಿಸುತ್ತಾನೆ, ಹೋಗುವಾಗ ಹಾಗೆಯೇ ಬಿಟ್ಟು ಹೋಗುತ್ತಾನೆ. ಶಿವಕುಮಾರಿಯ ‘ಡಿ’ ಒತ್ತಿದರೆ ತುಂಡು ಇಮ್ಮಡಿಯಾಗುತ್ತದೆ, ಅಮಿತನ ‘ಡಿ’ ಒತ್ತಿದರೆ ಅಳಿಸಿ ಹೋಗುತ್ತದೆ. ಶಿವಕುಮಾರಿಯ ‘ಎಫ್’ ಒತ್ತಿದರೆ ಆರಿಸಿಕೊಂಡ ಒಂದು ವಾದ್ಯ ಮಾತ್ರ ಕೇಳುತ್ತದೆ, ಮಿಕ್ಕವೆಲ್ಲ ಸುಮ್ಮನಾಗುತ್ತವೆ. ಅಮಿತನ ‘ಎಫ್’ ಒತ್ತಿದರೆ ಬಾಯಿ ಮುಚ್ಚಿಸಿ ಕೂರಿಸಿದ್ದವೆಲ್ಲ ಒಮ್ಮೆಗೇ ಬಾಯಿ ತೆರೆಯುತ್ತವೆ. ಕೇಳಿದರೆ, “ದೀದಿ, ನಿಮ್ಮ ಸೆಟಿಂಗ್‌ನಲ್ಲಿ ನನಗೆ ಕುಛ್ ಸಮಝ್ ಹೀ ನಹೀ ಆತಾ. ಸಾರಿ, ಕಲ್ ಸೇ ಪಕ್ಕಾ,” ಎನ್ನುತ್ತಾನೆ. ಆ ‘ಕಲ್’, ಆ ನಾಳೆ, ಇನ್ನೂ ಬಂದಿಲ್ಲ.

ಟಿ.ವಿ. ಧಾರಾವಾಹಿಯಲ್ಲಿ ಅತ್ತೆ ಕಣ್ಣು ಕೆಕ್ಕರಿಸಿದಾಗ ಧಡ್ ಎಂದು ಬೀಳುವ ಸದ್ದು, ಆಸ್ಪತ್ರೆಯ ಬಾಗಿಲಲ್ಲಿ ಅಳುವ ಸಾರಂಗಿ, ದಿಬ್ಬಣದ ಢೋಲಕಿ, ಇವನ್ನೆಲ್ಲ ದಿನವೂ ಯಾರೋ ಕುಳಿತು ಬಾರಿಸುತ್ತಾರೆಂದು ನಾವು ತಿಳಿದುಕೊಂಡಿದ್ದೇವೆ. ಅಷ್ಟು ಪುರುಸೊತ್ತು ಯಾರಿಗಿದೆ? ಎಂದೋ ಒಮ್ಮೆ ಬಾರಿಸಿದ್ದರಲ್ಲಿ ಚಿಕ್ಕದೊಂದು ಸುತ್ತನ್ನು ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಅದರ ಬಾಲಕ್ಕೆ ಅದರದೇ ತಲೆ ಜೋಡಿಸಿದರೆ ಬೇಕಾದಷ್ಟು ಹೊತ್ತು ಓಡುತ್ತದೆ. ಅದಕ್ಕೆ ಲೂಪ್ ಎನ್ನುತ್ತಾರೆ. ರಾತ್ರಿ ಕತ್ತರಿಸಿ ಜೋಡಿಸಿದ ಕಂತು ಬೆಳಗಿನ ಜಾವ ಶಿವಕುಮಾರಿಯ ಕೈಗೆ ಬರುತ್ತದೆ, ಮಧ್ಯಾಹ್ನದೊಳಗೆ ಸಂಗೀತ ತುಂಬಿಸಿಕೊಂಡು ಚಾನೆಲ್‌ಗೆ ಹೋಗಬೇಕು. ದಿನಕ್ಕೆ ಎರಡು ಧಾರಾವಾಹಿ, ಗ್ರಹಚಾರ ಕೆಟ್ಟ ದಿನ ಮೂರು. ಮೌಸ್ ಹಿಡಿದು ಒಂದೊಂದೇ ಮೆನು ತೆರೆಯುತ್ತ ಕೂತರೆ ಮರುದಿನಕ್ಕೂ ಮುಗಿಯುವುದಿಲ್ಲ. ಕತ್ತರಿ, ಸೂಜಿ, ದಾರ, ಇಸ್ತ್ರಿ ಎಲ್ಲವೂ ಎಡಗೈಯ ಬೆರಳಲ್ಲೇ ಇರಬೇಕು. ಇವರ ಕೀಬೋರ್ಡಿನಲ್ಲಿ ಕೆಲವು ಅಕ್ಷರಗಳು ಸವೆದು ಬೋಳಾಗಿವೆ.

“ಈ ಮದುವಿ ಮೂರು ವಾರದಿಂದ ನಡದೈತ್ರಿ,” ಎಂದು ಪರದೆಯ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ. “ವರಾ ಇನ್ನೂ ಕುದುರಿ ಇಳದಿಲ್ಲ. ದಿನಾ ನಾನ ಅವನ್ನ ಕುಣಿಸ್ಬೇಕು. ಮ್ಯಾಲ ಚಾನೆಲ್‌ನವ್ರು ಫೋನ್ ಮಾಡಿ, ಥೋಡಾ ಔರ್ ಫೀಲ್ ಡಾಲೋ, ಇನ್ನಷ್ಟು ಫೀಲ್ ಹಾಕು ಅಂತಾರ. ಫೀಲ್ ಅನ್ನೋ ಬಟನ್ ಎಲ್ಲೈತ್ರಿ ಇದರಾಗ? ತೋರಸ್ರಿ, ಒತ್ತತೀನಿ.” ನಲವತ್ತು ದಾಟಿದ ಇವರ ಸ್ವಂತ ಮದುವೆಯ ಮಾತನ್ನು ನೆಂಟರು ಈಗಲೂ ಎತ್ತುವುದುಂಟು. ಮೊದಲು ಈ ಮದುವೆ ಮುಗಿಯಲಿ ಎಂದು ಅದನ್ನು ಅಲ್ಲಿಗೇ ಮುಗಿಸುತ್ತಾರೆ.

ಕೀಗಳನ್ನು ತಮ್ಮ ಹದಕ್ಕೆ ಮರಳಿ ತಂದುಕೊಂಡು ಇನ್ನೇನು ಕೆಲಸ ಹಿಡಿಯಬೇಕು, ಫೋನು ಹೊಡೆದುಕೊಳ್ಳುತ್ತದೆ. ವಡಾಲದ ಮನೆಯಿಂದ ತಂದೆ ದಾನಪ್ಪ. ಎತ್ತುವ ಮುಂಚೆಯೇ ಶಿವಕುಮಾರಿಗೆ ವಿಷಯ ಗೊತ್ತು.

“ಶಿವಕ್ಕಾ, ಮತ್ತ ಕೇಳಿಸ್ತು.”

“ಎಲ್ಲಿ?”

“ಹಾಲಿನಾವನ ಫೋನಿನ್ಯಾಗ. ರಿಂಗ್‌ಟೋನ್ ಮಾಡ್ಕೊಂಡಾನ. ಅದ ತಪ್ಪು, ಕೊನೀ ಪೆಟ್ಟು ತಡಾ. ಹಾಲು ತಗೊಳ್ಳೂಮಟಾ ಹೊಡಕೊಂತನ ಇತ್ತು.”

“ಅಪ್ಪಾ, ನಾ ಕೆಲಸದಾಗ ಅದೀನಿ.”

“ಕೆಲಸಾ! ನನ್ನ ತಪ್ಪು ಊರಿಗೆಲ್ಲಾ ಹಂಚೂದ ನಿನ್ನ ಕೆಲಸಾ.”

ಫೋನು ಮೇಜಿನ ಮೇಲೆ ಬೋರಲಾಗಿ ಬೀಳುತ್ತದೆ. “ನೋಡ್ರಿ,” ಎನ್ನುತ್ತಾರೆ ಶಿವಕುಮಾರಿ, “ನನ್ನ ನಾಷ್ಟಾ ಆತು.”

ಈ ಜಗಳದ ಬೇರು ಹುಡುಕಲು ಕೊಂಚ ಹಿಂದೆ ಹೋಗಬೇಕು. ದಾನಪ್ಪ ವಿಜಯಪುರ ಜಿಲ್ಲೆಯಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಬಂದರಿನ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಮೂಟೆ ಹೊತ್ತವರು. ಹಗಲೆಲ್ಲ ಬೆನ್ನಿನ ಕೆಲಸ, ಸೋಮವಾರ ಸಂಜೆ ಕೈಯ ಕೆಲಸ. ವಡಾಲದ ಅವರ ಖೋಲಿಯಲ್ಲಿ ಊರ ಕಡೆಯವರೆಲ್ಲ ಸೇರಿ ಭಜನೆ ಮಾಡುತ್ತಿದ್ದರು. ಯಾರದೋ ಹಾರ್ಮೋನಿಯಂ ಪೇಟಿ, ಯಾರದೋ ತಾಳ, ಢೋಲಕಿ ದಾನಪ್ಪನವರದು, ಮುಂದಾಗಿ ಹಾಡುವವರು ಅವರ ಹೆಂಡತಿ ಚನ್ನವ್ವ. ಢೋಲಕಿಯ ಮುಂದೆ ಕೂತ ದಾನಪ್ಪನವರಿಗೆ ನೆಂಟರಿಲ್ಲ, ಗೆಳೆಯರಿಲ್ಲ. ತಾಳ ತಪ್ಪಿದವನನ್ನು ಎಲ್ಲರೆದುರಿಗೆ ಹೆಸರು ಹಿಡಿದು ಬೈಯುತ್ತಿದ್ದರು. ಬೈಸಿಕೊಂಡವನಿಗೆ ಆ ದಿನ ಪ್ರಸಾದವೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಗಳು ಶಿವಕುಮಾರಿ ಕಾಮರ್ಸ್ ಓದಿ ವಿಲೆ ಪಾರ್ಲೆಯ ಒಂದು ಸಿ.ಡಿ. ಕಂಪನಿಯಲ್ಲಿ ಹಾಡಿನ ಹೆಸರುಗಳನ್ನು ಟೈಪ್ ಮಾಡುವ ಕೆಲಸಕ್ಕೆ ಸೇರಿದರು. ಪಕ್ಕದ ಕೋಣೆಯ ಎಡಿಟರ್ ಸಾಹೇಬರಿಗೆ ಫೋನಿನಲ್ಲಿ ಮಾತು ಮುಗಿಯುತ್ತಿರಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಹಾ. “ಅದೊಂದು ಒತ್ತು, ಇದೊಂದು ಒತ್ತು” ಎಂದು ಟೈಪಿಸ್ಟ್ ಹುಡುಗಿಯನ್ನೇ ಕರೆಯುತ್ತಿದ್ದರು. ಒತ್ತುತ್ತ ಒತ್ತುತ್ತ ಶಿವಕುಮಾರಿ ಸಾಹೇಬರ ಕೆಲಸವನ್ನೇ ಕಲಿತರು. ಕಲಿಯುವ ಹುರುಪಿನಲ್ಲಿ ಒಂದು ಸೋಮವಾರ ಎರಡು ಮೈಕು ಎರವಲು ತಂದು, ಒಂದನ್ನು ಅಪ್ಪನ ಢೋಲಕಿಯ ಮುಂದೆ, ಇನ್ನೊಂದನ್ನು ಅವ್ವನ ಬಾಯಿಯ ಮುಂದೆ ಇಟ್ಟು ಇಡೀ ಭಜನೆಯನ್ನು ಹಿಡಿದರು. ಲೂಪ್ ಕತ್ತರಿಸಲು ಕಲಿತದ್ದು ಅದರಲ್ಲೇ. ಅವ್ವನ ಒಂದು ಸಾಲು ಮುಗಿದು ಮುಂದಿನ ಸಾಲು ಶುರುವಾಗುವ ಮೊದಲು ಢೋಲಕಿ ಒಂಟಿಯಾಗಿ ಒಂದು ಸುತ್ತು ಹಾಕುತ್ತದೆ. ಹಾಡಿನ ಕಲಬೆರಕೆ ಇಲ್ಲದ ಆ ಶುದ್ಧ ಸುತ್ತನ್ನು ಎತ್ತಿಕೊಂಡರು, ಅವ್ವನ ಮೈಕಿಗೆ ಬಿದ್ದಿದ್ದ ಪೇಟಿ, ತಾಳ, ದನಿಗಳ ಬಾಯಿ ಮುಚ್ಚಿಸಿದರು.

ಮುಂದೆ ಅಂಧೇರಿಯ ಈ ಸ್ಟುಡಿಯೊಗೆ ಬಂದಾಗ ಯಾವುದೋ ಧಾರಾವಾಹಿಯ ಮದುವೆಗೆ ತುರ್ತಾಗಿ ಢೋಲಕಿ ಬೇಕಾಯಿತು. ಕೈಗೆ ಸಿಕ್ಕಿದ್ದು ಅದೇ. ಅಲ್ಲಿಂದ ಅದು ಬೆನ್ನು ಬಿಡಲಿಲ್ಲ. ಫೈಲಿಗೆ ‘ವಡಾಲಾ’ ಎಂದೇ ಹೆಸರಿತ್ತು; ‘ವಡಾಲಾ ಲಗಾ ದೋ’, ವಡಾಲಾ ಹಾಕಿಬಿಡು, ಎಂದು ಎಲ್ಲರೂ ಕೇಳತೊಡಗಿದರು. ಧಾರಾವಾಹಿಯಿಂದ ಸಾಬೂನಿನ ಜಾಹೀರಾತಿಗೆ, ಜಾಹೀರಾತಿನಿಂದ ಗಣಪತಿ ಮೆರವಣಿಗೆಯ ಹಾಡಿಗೆ, ಅಲ್ಲಿಂದ ಯಾರ್ಯಾರ ಕಂಪ್ಯೂಟರಿಗೆ, ಯಾವ ಯಾವ ಫೋನಿಗೆ ಹೋಯಿತೋ ದೇವರೇ ಬಲ್ಲ. ಬಾರಿಸಿದವರ ಹೆಸರೂ ಇಲ್ಲ, ಕತ್ತರಿಸಿದವರ ಹೆಸರೂ ಇಲ್ಲ. ಪರದೆಯ ಮೇಲೆ ‘ಸಂಗೀತ’ ಎಂದು ಬರುವ ಹೆಸರಿನವರು ಈ ಕೋಣೆಯ ಮೆಟ್ಟಿಲನ್ನೂ ಹತ್ತಿದವರಲ್ಲ.

ದಾನಪ್ಪನವರಿಗೆ ಹೆಸರಿನ ಚಿಂತೆ ಇಲ್ಲ. ಅವರ ಚಿಂತೆ ಆ ಸುತ್ತಿನ ಕೊನೆಯ ಪೆಟ್ಟು. ಅದು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಭಜನೆಯ ಗದ್ದಲದಲ್ಲಿ ಒಮ್ಮೆ ಬಿದ್ದು ಹೋಗಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಲೂಪಿನಲ್ಲಿ ಅದು ಪ್ರತಿ ಸುತ್ತಿಗೂ ಬೀಳುತ್ತದೆ, ಪ್ರತಿ ಮದುವೆಗೂ ಬೀಳುತ್ತದೆ. “ನಾ ಒಮ್ಮೆ ತಪ್ಪಿದೆ,” ಎನ್ನುತ್ತಾರೆ ದಾನಪ್ಪ. “ಆಕಿ ಅದನ್ನ ಹಿಡಕೊಂಡು ಲಕ್ಷ ಸಲ ತಪ್ಪಸ್ಯಾಳ. ಮಂದಿನ್ನ ಎಷ್ಟ್ ಬೈದಿದ್ದೆ ನಾ! ಈಗ ಅವ್ರೆಲ್ಲಾ ಟಿ.ವಿ. ಮುಂದ ಕುಂತು ನಗತಿರ್ತಾರ.”

ಮತ್ತೆ ಸರಿಯಾಗಿ ಬಾರಿಸಿ ಕೊಟ್ಟರಾಯಿತಲ್ಲ ಎಂದರೆ, ಅದು ಇನ್ನು ಆಗದ ಮಾತು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗೈ ಬಿದ್ದು ಹೋಗಿದೆ. ಮಾತು ಮರಳಿತು, ನಡಿಗೆ ಮರಳಿತು, ಬೆರಳು ಮರಳಲಿಲ್ಲ. ಢೋಲಕಿ ಮಂಚದ ಕೆಳಗಿದೆ. ಹೀಗಾಗಿ ಲೋಕದಲ್ಲಿ ಅವರ ಕೈ ಎಂದು ಉಳಿದಿರುವುದು ಆ ಒಂದು ಸುತ್ತು, ಅದರಲ್ಲೇ ಆ ತಪ್ಪು. ಅವರ ಸಿಡುಕನ್ನು ಕೇಳಿ ನಗು ಬರುತ್ತದೆ, ಬಲಗೈಯನ್ನು ನೋಡಿದರೆ ಆ ನಗು ಉಳಿಯುವುದಿಲ್ಲ.

ಮಗಳ ಕಸುಬಿನ ಮೇಲೆ ಅವರಿಗೆ ಎಳ್ಳಷ್ಟೂ ಗೌರವವಿಲ್ಲ. ಯಾರಾದರೂ ಕೇಳಿದರೆ, “ಅಂಧೇರಿಯೊಳಗ ಬಟನ್ ಒತ್ತತಾಳ” ಎನ್ನುತ್ತಾರೆ. ಹೊಸದಾಗಿ ಬಂದ ನೆರೆಮನೆಯವರು ಶಿವಕುಮಾರಿ ಯಾವುದೋ ಟವರ್‌ನಲ್ಲಿ ಲಿಫ್ಟ್ ನಡೆಸುತ್ತಾರೆಂದು ಬಹಳ ದಿನ ನಂಬಿದ್ದರು. ಕಂಪ್ಯೂಟರಿನ ಕೆಲಸ ಎಂದು ಗೊತ್ತಾದ ಮೇಲೆ ಆಧಾರ್ ತಿದ್ದುಪಡಿಗೆ, ರೈಲು ಟಿಕೆಟ್ಟಿಗೆ, ಕೆಟ್ಟ ಪ್ರಿಂಟರಿಗೆ ಇವರನ್ನೇ ಹುಡುಕಿಕೊಂಡು ಬರುತ್ತಾರೆ. “ಅದಕ್ಕಿಂತ ಲಿಫ್ಟs ಚಲೋ ಇತ್ತು,” ಎಂದು ಶಿವಕುಮಾರಿ ನಿಟ್ಟುಸಿರು ಬಿಡುತ್ತಾರೆ.

ಇಷ್ಟು ವರ್ಷ ಹೀಗೇ ನಡೆದ ಜಗಳಕ್ಕೆ ಈ ವಾರ ಗಡುವು ಬಂದಿದೆ. ಬರುವ ಭಾನುವಾರ ವಡಾಲದ ಕನ್ನಡ ಸಂಘದವರು ಹಳೆಯ ಭಜನೆಕಾರರನ್ನು ಕರೆದು ಸನ್ಮಾನಿಸುತ್ತಾರೆ. ಮೊದಲ ಹೆಸರು ದಾನಪ್ಪನವರದು. ಸಂಘದ ಕಾರ್ಯದರ್ಶಿ ರಮಾನಾಥ ಒಳ್ಳೆಯ ಮನಸ್ಸಿನಿಂದಲೇ ಒಂದು ಯೋಜನೆ ಹಾಕಿದ್ದಾರೆ. ದಾನಪ್ಪ ವೇದಿಕೆ ಹತ್ತುವಾಗ ಅವರದೇ ಢೋಲಕಿ, ಅದೇ ಲೂಪು, ಸ್ಪೀಕರಿನಲ್ಲಿ ಮೊಳಗಬೇಕು. ಗುಟ್ಟಾಗಿ ಇಡಬೇಕಾದ ಮಾತನ್ನು ರಮಾನಾಥರೇ ಉತ್ಸಾಹ ತಾಳಲಾರದೆ ಹೇಳಿಬಿಟ್ಟರು.

“ಆ ತಪ್ಪು ಹಚ್ಚಿದ್ರ ನಾ ಮೆಟ್ಟಲಾ ಹತ್ತೂದಿಲ್ಲ,” ಎಂದು ದಾನಪ್ಪ ಅಂದೇ ಘೋಷಿಸಿದ್ದಾರೆ. “ಶಾಲು ಕುರ್ಚಿಗೆ ಹೊಚ್ಚರಿ.” ಮಗಳಿಗೆ ಬೇರೆ ಆಜ್ಞೆ: “ತಿದ್ದು, ಇಲ್ಲಾಂದ್ರ ತಗದು ಒಗಿ.”

ಶಿವಕುಮಾರಿಗೆ ನುಂಗಲೂ ಆಗದು, ಉಗುಳಲೂ ಆಗದು. “ಇಷ್ಟ್ ವರ್ಷಕ್ಕ ಯಾರೋ ಒಬ್ರು ಅಪ್ಪನ್ನ ಕರದು ಮ್ಯಾಲ ಕುಂದ್ರಸ್ತೀನಿ ಅಂತಾರ. ನನ್ನ ಲೂಪಿನ ಸಲುವಾಗಿ ಅಂವಾ ಹೋಗೂದಿಲ್ಲಾ ಅಂದ್ರ ನನ್ನ ಮನಸ್ಸಿಗೆ ಹ್ಯಾಂಗ ಆಗಬ್ಯಾಡ ನೀವs ಹೇಳ್ರಿ. ನಾ ಅವನ ಕೈಯಿ ಉಳಸ್ಲಿಕ್ಕೆ ಅದನ್ನ ಇಟ್ಕೊಂಡಿದ್ದು. ಅವಂಗ ಅದು ಮಾನಾ ಕಳದಂಗ ಆಗೈತಿ.”

ಕಡೆಗೆ, ಕಣ್ಣೆದುರಿಗೇ ತಿದ್ದಿ ತೋರಿಸುತ್ತೇನೆ ಬಾ ಎಂದು ಬುಧವಾರ ಬೆಳಗಿನ ಲೋಕಲ್ಲಿನಲ್ಲಿ ಅಪ್ಪನನ್ನು ಕರೆದುಕೊಂಡು ಬರುತ್ತಾರೆ. ಮಾತ್ರೆ, ಟಿಫಿನ್ ಹಿಡಿದು ಜೊತೆಗೆ ಚನ್ನವ್ವ. ಎಸ್ಟೇಟಿನ ಲಿಫ್ಟ್ ಕೆಟ್ಟು ನಿಂತಿದೆ. ಒಂದು ಕಡೆ ಅಪ್ಪನ ತೋಳು, ಇನ್ನೊಂದು ಕಡೆ ಅವ್ವನ ಚೀಲ, ಎರಡು ಮಹಡಿ ಹತ್ತುವ ಹೊತ್ತಿಗೆ ಶಿವಕುಮಾರಿಗೆ ಸಾಕುಬೇಕಾಗಿ ಹೋಗುತ್ತದೆ. ಆ ಗಡಿಬಿಡಿಯಲ್ಲಿ ದಿನವೂ ಬೆಳಿಗ್ಗೆ ಮಾಡಲೇಬೇಕಾದ ಕೆಲಸ, ಅಮಿತ ಮರಳಿಸಿ ಹೋದ ಕೀಗಳನ್ನು ಮತ್ತೆ ಹೊಂದಿಸಿಕೊಳ್ಳುವುದು, ಮರೆತು ಹೋಗುತ್ತದೆ.

ಲೂಪು ಹುಟ್ಟಿದ ಆ ಹಳೆಯ ಸೋಮವಾರದ ಫೈಲನ್ನೇ ತೆರೆಯುತ್ತಾರೆ. ಪರದೆಯ ಮೇಲೆ ನೋಟ್‌ಬುಕ್ಕಿನ ಹಾಗೆ ಸಮನಾದ ಗೆರೆಗಳು. ಪ್ರತಿ ಪೆಟ್ಟೂ ಒಂದೊಂದು ಗೆರೆಯ ಮೇಲೆ ಕೂರಬೇಕು. ಕೊನೆಯದು ಮಾತ್ರ ಗೆರೆ ದಾಟಿ ಆಚೆ ಕೂತಿದೆ. “ಹ್ಞಾಂ, ಅದs ಕಳ್ಳ,” ಎಂದು ದಾನಪ್ಪ ಎಡಗೈ ಬೆರಳು ಚಾಚುತ್ತಾರೆ. ಶಿವಕುಮಾರಿ ‘ಕ್ಯೂ’ ಒತ್ತುತ್ತಾರೆ. ಪುಣ್ಯಕ್ಕೆ ಈ ಒಂದು ಕೀ ಇವರದೂ ಅಮಿತನದೂ ಒಂದೇ, ದಾರಿ ತಪ್ಪಿದ ಪೆಟ್ಟುಗಳನ್ನೆಲ್ಲ ಹಿಡಿದು ಗೆರೆಗೆ ಕೂರಿಸುತ್ತದೆ. ಲೂಪು ಓಡುತ್ತದೆ. ಎಲ್ಲ ಪೆಟ್ಟೂ ಶಿಸ್ತಾಗಿ, ಸರಿಯಾಗಿ.

ದಾನಪ್ಪ ಸ್ವಲ್ಪ ಹೊತ್ತು ಕೇಳಿ ಮುಖ ಕಿವುಚುತ್ತಾರೆ. “ಯಾರ್ದು ಇದು?”

“ನಿಂದs ಅಪ್ಪಾ. ತಿದ್ದೀನಿ.”

“ನನ್ನಂಗಿಲ್ಲ. ಹಿಟ್ಟಿನ ಗಿರಣಿ ಇದ್ದಂಗೈತಿ. ತಗಿ.”

ತೆಗೆದು ಹಳೆಯದನ್ನೇ ತರುತ್ತಾರೆ. ಕೊನೆಯ ಪೆಟ್ಟೊಂದನ್ನೇ ಬಾಣದ ಕೀಯಿಂದ ಒಂದಿಷ್ಟು ಹಿಂದಕ್ಕೆ ಸರಿಸುತ್ತಾರೆ. ಇನ್ನೂ ತಡ ಎನ್ನುತ್ತಾರೆ ದಾನಪ್ಪ. ಇನ್ನಷ್ಟು ಸರಿಸಿದರೆ ಅವಸರವಾಯಿತು ಎನ್ನುತ್ತಾರೆ. ನಡುವೆ ಇಟ್ಟರೆ, ಇದು ಅದೂ ಅಲ್ಲ ಇದೂ ಅಲ್ಲ. ಪೆಟ್ಟನ್ನು ಮೊದಲಿದ್ದ ಜಾಗಕ್ಕೇ ಮರಳಿಸುತ್ತಾರೆ. ದಿಬ್ಬಣದ ವರ ಕುದುರೆಯ ಮೇಲೆ ಕಾಯುತ್ತಿದ್ದಾನೆ, ಕಂತು ಮಧ್ಯಾಹ್ನಕ್ಕೆ ಹೋಗಬೇಕು, ಶಿವಕುಮಾರಿಯ ದನಿ ಏರುತ್ತಿದೆ. ಹಿಂದೆ ಸೋಫಾದ ಮೇಲೆ ಚನ್ನವ್ವ ಟಿಫಿನ್ನಿನ ಮುಚ್ಚಳ ತೆಗೆಯುತ್ತಿದ್ದಾರೆ.

“ಅದೇನದು ಟಿಕ್ ಟಿಕ್ ಟಿಕ್ ಅನ್ನೂದು?” ದಾನಪ್ಪ ರೇಗುತ್ತಾರೆ. ಲೆಕ್ಕಕ್ಕೆಂದು ಜೊತೆಗೆ ಬಡಿಯುವ ಯಂತ್ರದ ತಾಳ ಅದು. “ತಲಿ ತಿನ್ನಾಕತ್ತೈತಿ. ಅದನ್ನ ಬಂದ್ ಮಾಡು. ಬರೇ ನನ್ನ ಢೋಲಕಿ ಕೇಳಸು, ಬ್ಯಾರೆ ಏನೂ ಬ್ಯಾಡ.”

ಢೋಲಕಿಯೊಂದನ್ನೇ ಕೇಳಿಸುವ ಕೀ ‘ಎಫ್’. ಶಿವಕುಮಾರಿ ಹಲ್ಲು ಕಚ್ಚಿಕೊಂಡು ಒತ್ತುತ್ತಾರೆ. ಅದು ಶಿವಕುಮಾರಿಯ ‘ಎಫ್’ ಆಗಿರದೆ ಅಮಿತನ ‘ಎಫ್’ ಆಗಿರುತ್ತದೆ. ಹನ್ನೆರಡು ಹದಿಮೂರು ವರ್ಷದಿಂದ ಬಾಯಿ ಮುಚ್ಚಿಸಿ ಕೂರಿಸಿದ್ದವೆಲ್ಲ ಒಮ್ಮೆಗೇ ಬಾಯಿ ತೆರೆಯುತ್ತವೆ. ಪೇಟಿ ಬರುತ್ತದೆ, ತಾಳ ಬರುತ್ತದೆ, ಅವೆರಡರ ಮೇಲೆ ಆಗಿನ ಚನ್ನವ್ವನ ದನಿ ಕೋಣೆ ತುಂಬ ಬರುತ್ತದೆ.

“ಅಯ್ಯ ಶಿವನ! ನಂದ್ಯಾಕ ಹಚ್ಚಿದಿ?” ಚನ್ನವ್ವ ಮುಚ್ಚಳ ಹಿಡಿದುಕೊಂಡೇ ಎದ್ದು ನಿಲ್ಲುತ್ತಾರೆ.

ನಿಲ್ಲಿಸಲು ಕೈ ಚಾಚಿದ ಶಿವಕುಮಾರಿ ಅಲ್ಲಿಗೇ ತಡೆಯುತ್ತಾರೆ. ಚನ್ನವ್ವನ ಸಾಲು ಮುಗಿಯುತ್ತದೆ. ಢೋಲಕಿ ಒಂಟಿಯಾಗಿ ಆ ಸುತ್ತು ಹಾಕುತ್ತದೆ, ಊರೆಲ್ಲ ಓಡಾಡುವ ಅದೇ ಸುತ್ತು. ಕೊನೆಯ ಪೆಟ್ಟಿಗೆ ಮುಂಚೆ ಮೈಕಿನಲ್ಲಿ ಸಣ್ಣಗೆ ಒಂದು ಸದ್ದು. ಚನ್ನವ್ವ ಉಸಿರು ಎಳೆದುಕೊಳ್ಳುವ ಸದ್ದು. ಅದು ಮುಗಿದ ಮೇಲೆಯೇ ಪೆಟ್ಟು ಬೀಳುತ್ತದೆ, ಪೆಟ್ಟಿನ ಜೊತೆಗೇ ಮುಂದಿನ ಸಾಲು ಏಳುತ್ತದೆ. ಶಿವಕುಮಾರಿ ಅಷ್ಟು ಜಾಗವನ್ನೇ ಹಿಡಿದು ಮತ್ತೆ ಮತ್ತೆ ಓಡಿಸುತ್ತಾರೆ. ಮುಂದಿನ ಸಾಲಿಗೆ ಹೋಗುತ್ತಾರೆ, ಅದರ ಮುಂದಿನದಕ್ಕೆ ಹೋಗುತ್ತಾರೆ. ಎಲ್ಲ ಕಡೆಯೂ ಹಾಗೆಯೇ. ಎಲ್ಲಿ ಅವ್ವ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಅಪ್ಪನ ಕೈ ಅಷ್ಟು ಹೊತ್ತು ನಿಂತಿದೆ. ಲೂಪಿಗೆಂದು ಕತ್ತರಿಸುವಾಗ ಉಸಿರು ಅವ್ವನ ಮೈಕಿನಲ್ಲಿ ಉಳಿಯಿತು, ಕಾಯ್ದದ್ದು ಮಾತ್ರ ಅಪ್ಪನ ತಪ್ಪಾಗಿ ಊರು ಸುತ್ತಿತು. “ಇಷ್ಟ್ ವರ್ಷ ನಾ ಒಮ್ಮಿಯರ ಅವ್ವನ ಬಾಯಿ ಬಿಡಸ್ಲಿಲ್ಲ ನೋಡ್ರಿ,” ಎಂದು ಶಿವಕುಮಾರಿ ತಮ್ಮ ಮೇಲೆ ತಾವೇ ಸಿಟ್ಟಾಗುತ್ತಾರೆ.

ಚನ್ನವ್ವನಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. “ಅದರಾಗೇನೈತಿ? ಮೊದಲಿಂದಾನೂ ನನ್ನ ಉಸುರು ಸಣ್ಣದು. ನಾ ಎಳಕೊಳ್ಳೂಮಟಾ ಅವ್ರು ತಡೀತಿದ್ರು.”

ದಾನಪ್ಪನವರ ಮುಖದಲ್ಲಿ ಏನೇನೋ ಬಂದು ಹೋಗುತ್ತದೆ. ಕಡೆಗೆ ಉಳಿಯುವುದು ಸಿಡುಕೇ. “ಅಂದ್ರ ತಪ್ಪು ನಿಂದು!”

“ಹೌದ್ರಿ. ಮದುವಿ ಆದಾಗಿಂದ ಎಲ್ಲಾ ತಪ್ಪು ನಂದ. ಇದೊಂದ್ಯಾಕ ಬಿಡ್ತೀರಿ?”

“ನಾ ತಡದದ್ದು ನನಗs ಗೊತ್ತಿಲ್ಲಲ್ಲ!”

“ಗೊತ್ತಿದ್ರ ತಡೀತಿದ್ದಿಲ್ಲ ನೀವು,” ಎಂದು ಚನ್ನವ್ವ ರೊಟ್ಟಿ ಮುರಿದು ಅವರ ಎಡಗೈಗೆ ಕೊಡುತ್ತಾರೆ.

ರೊಟ್ಟಿ ಕೈಯಲ್ಲೇ ಉಳಿಯುತ್ತದೆ. ಇನ್ನೊಮ್ಮೆ ಹಚ್ಚು ಎನ್ನುತ್ತಾರೆ ದಾನಪ್ಪ. ಹಚ್ಚಿದ ಮೇಲೆ ಮತ್ತೊಮ್ಮೆ ಎನ್ನುತ್ತಾರೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿ, “ಭಾನುವಾರ ಆಕಿ ಹಾಡಿದ್ರ ನಾ ಬರ್ತೀನಿ. ಆಕಿ ಹಾಡಿದ್ರ ಅದು ತಪ್ಪಲ್ಲ,” ಎನ್ನುತ್ತಾರೆ.

ಶಿವಕುಮಾರಿಗೆ ಹೋದ ಜೀವ ಬಂದಂತಾಗುತ್ತದೆ. ಇದೇ ಫೈಲನ್ನು ಹಾಡಿನ ಸಮೇತ ಹಚ್ಚಿದರಾಯಿತು. ಆದರೆ ಚನ್ನವ್ವ ಒಪ್ಪಬೇಕಲ್ಲ. “ನಾ ಎದುರಿಗೆ ಕುಂತಿರ್ಬೇಕು, ನನ್ನ ದನಿ ಡಬ್ಬಿಯೊಳಗಿಂದ ಬರ್ಬೇಕೇನು? ನಾ ಇನ್ನೂ ಜೀವಂತ ಅದೀನಿ. ಹಾಡಿದ್ರ ಬಾಯಿಲೇನs ಹಾಡ್ತೀನಿ.”

ಸರಿ, ಬಾಯಿಂದಲೇ ಹಾಡಲಿ ಎಂದು ಲೂಪು ಓಡಿಸುತ್ತಾರೆ. ಚನ್ನವ್ವ ಸೋಫಾದ ಅಂಚಿನಲ್ಲಿ ಕೂತು ಹಾಡುತ್ತಾರೆ. ವಯಸ್ಸಾಗಿ ಅವರ ಉಸಿರು ಈಗ ಇನ್ನೂ ಸಣ್ಣದಾಗಿದೆ, ಎಳೆದುಕೊಳ್ಳಲು ಇನ್ನೂ ಹೊತ್ತು ಬೇಕು. ಲೂಪಿಗೆ ಅದರ ಗೊಡವೆ ಇಲ್ಲ. ಅದು ಅಂದು ಎಷ್ಟು ಕಾದಿತ್ತೋ ಇಂದೂ ಅಷ್ಟೇ ಕಾಯುತ್ತದೆ, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ. ಮೊದಲ ಸುತ್ತಿನಲ್ಲಿ ಚನ್ನವ್ವ ಹೇಗೋ ಹಿಡಿಯುತ್ತಾರೆ, ಎರಡನೆಯದರಲ್ಲಿ ಏದುಸಿರು, ಮೂರನೆಯದರಲ್ಲಿ ಢೋಲಕಿ ಎಲ್ಲೋ, ಹಾಡು ಎಲ್ಲೋ. “ತಡಿಯೋ ಮಗನ!” ಎಂದು ದಾನಪ್ಪ ಕಂಪ್ಯೂಟರಿಗೆ ಬೈಯುತ್ತಾರೆ. ತಮ್ಮದೇ ಕೈಗೆ ಅವರು ಬೈಯುತ್ತಿದ್ದಾರೆ ಎಂದು ಆಗ ಯಾರಿಗೂ ಹೊಳೆಯುವುದಿಲ್ಲ.

ಶಿವಕುಮಾರಿ ಕುರ್ಚಿ ತಿರುಗಿಸಿಕೊಳ್ಳುತ್ತಾರೆ. ಮೊದಲು ತಮ್ಮ ಕೀಗಳನ್ನು ಮರಳಿ ತರುತ್ತಾರೆ. ಆಮೇಲೆ ಎಡಗೈ ಹರಿದಾಡುತ್ತದೆ. ಕೊನೆಯ ಪೆಟ್ಟನ್ನು ಬಾಲದಿಂದ ಕತ್ತರಿಸಿ ಸುತ್ತಿನ ತಲೆಗೆ ತಂದು ಕೂರಿಸುತ್ತಾರೆ. ತನ್ನಷ್ಟಕ್ಕೆ ತಿರುಗುವ ಲೂಪನ್ನೇ ಬಂದ್ ಮಾಡುತ್ತಾರೆ. ಈಗ ಒಂದು ಕೀ ಒತ್ತಿದರೆ ಆ ಪೆಟ್ಟು ಬೀಳುತ್ತದೆ, ಅಲ್ಲಿಂದ ಒಂದು ಸುತ್ತು ಓಡಿ ನಿಲ್ಲುತ್ತದೆ. ಮತ್ತೆ ಒತ್ತುವವರೆಗೂ ಕಾಯುತ್ತದೆ. ಇಡೀ ಕಸುಬು ನಿಂತಿರುವುದೇ ಕೈ ಎತ್ತಿದರೂ ತಾನೇ ಓಡಲಿ ಎಂಬುದರ ಮೇಲೆ. ಅದನ್ನು ಬಿಚ್ಚಿ, ಪ್ರತಿ ಸುತ್ತಿಗೂ ಬೆರಳು ಕಾದು ಕೂರುವಂತೆ ಮಾಡಿಕೊಳ್ಳುವುದೆಂದರೆ ಶಿವಕುಮಾರಿಯ ಪಾಲಿಗೆ ಹುಚ್ಚುತನ. “ಅಮಿತ ನೋಡಿದ್ರ ನಗತಾನ,” ಎಂದು ಗೊಣಗುತ್ತಾರೆ.

ಚನ್ನವ್ವ ಮತ್ತೆ ಎತ್ತಿಕೊಳ್ಳುತ್ತಾರೆ. ಸಾಲು ಮುಗಿಯುತ್ತದೆ. ಶಿವಕುಮಾರಿ ಒತ್ತುತ್ತಾರೆ.

“ಅವಸರಾ!” ದಾನಪ್ಪ. “ಪರದಿ ಏನ್ ನೋಡ್ತಿ? ಅವ್ವನ್ನ ನೋಡು.”

ಎರಡನೆಯ ಸಲವೂ ಅವಸರ. ಕೋಟಿಗಟ್ಟಲೆ ಸಲ ಒತ್ತಿ ಪಳಗಿದ ಬೆರಳಿಗೆ ಒತ್ತದೆ ಇರುವುದು ಗೊತ್ತಿಲ್ಲ. ದಾನಪ್ಪ ಎಡಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಾರೆ. “ತಡಿ… ಇನ್ನೂ ತಡಿ…” ಶಿವಕುಮಾರಿ ಪರದೆಯಿಂದ ಕಣ್ಣು ಕಿತ್ತು ಅವ್ವನ ಹೆಗಲು ನೋಡುತ್ತಾರೆ. ಹೆಗಲು ಮೇಲೇಳುತ್ತದೆ, ನಿಲ್ಲುತ್ತದೆ. ಬೆರಳು ಇಳಿಯುತ್ತದೆ. ಪೆಟ್ಟೂ ಸಾಲೂ ಒಟ್ಟಿಗೆ ಏಳುತ್ತವೆ. ಮುಂದಿನ ಸುತ್ತಿಗೆ ದಾನಪ್ಪ ಕೈ ಎತ್ತುವುದಿಲ್ಲ, ಕಣ್ಣು ಮುಚ್ಚಿ ಕೂರುತ್ತಾರೆ. ಹಾಡು ಮುಗಿಯುವವರೆಗೂ ಆ ಕಣ್ಣು ತೆರೆಯುವುದಿಲ್ಲ.

“ಇನ್ನೊಮ್ಮೆ ಬಾರ್ಸು,” ಎನ್ನುತ್ತಾರೆ.

‘ಒತ್ತು’ ಎನ್ನದೆ ‘ಬಾರ್ಸು’ ಎಂದದ್ದು ಅವರಿಗೇ ಗೊತ್ತಾದಂತಿಲ್ಲ. ಶಿವಕುಮಾರಿಗೆ ಗೊತ್ತಾಗಿದೆ. ಕೀಬೋರ್ಡಿನ ಧೂಳು ಒರೆಸುತ್ತಾರೆ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಆಸೆ ಏನು ಎಂದು ಕೇಳಿದರೆ ಶಿವಕುಮಾರಿಗೆ ಮತ್ತೆ ಸಿಟ್ಟು ಬರುತ್ತದೆ. ಪರದೆಯ ಮೇಲೆ ಹೆಸರು ಬರಬೇಕೆ? “ಯಾರು ಓದ್ತಾರ್ರಿ ಅದನ್ನ? ಕಣ್ಣಿಗೆ ಕಾಣೂದ್ರೊಳಗ ಹೋಗಿರ್ತೈತಿ.” ಊರೆಲ್ಲ ಹರಡಿದ ಲೂಪನ್ನು ಹಿಂದಕ್ಕೆ ಕರೆಸಬೇಕೆ? “ಎಲ್ಲೆಲ್ಲಿಂದ ಕರಸ್ಲಿ? ಹಾಲಿನಾವನ ಫೋನ್ ಕಸಗೊಳ್ಳಿ ಏನು?” ಸ್ವಲ್ಪ ಯೋಚಿಸಿ ಒಂದು ಆಸೆ ಒಪ್ಪಿಕೊಳ್ಳುತ್ತಾರೆ. ಭಾನುವಾರ ಸಂಘಕ್ಕೆ ಸ್ಟುಡಿಯೊದ ಲ್ಯಾಪ್‌ಟಾಪನ್ನೇ ಒಯ್ಯಬೇಕು. ಅದಕ್ಕೂ ಅಮಿತನ ಕೈ ಬೀಳುತ್ತದೆ. “ಅಲ್ಲೀತನಕಾ ಅಂವಾ ನನ್ನ ಕೀ ಮುಟ್ಟದಿದ್ರ ಸಾಕ್ರಿ. ಅಷ್ಟು ಬರ್ದು ಬಿಡ್ರಿ ಪೇಪರಿನ್ಯಾಗ. ಅದನ್ನ ಓದಿಯರ ಬಿಡ್ತಾನೇನೋ.”

ಹೊರಡುವ ಹೊತ್ತಿಗೆ ರಮಾನಾಥರ ಫೋನು ಬರುತ್ತದೆ. ಹೆಂಡತಿಯ ಹೆಗಲು ಹಿಡಿದು ಮೆಟ್ಟಿಲು ಇಳಿಯುತ್ತಲೇ ದಾನಪ್ಪ ಮಾತಾಡುತ್ತಾರೆ. ಖಾಲಿ ಮೆಟ್ಟಿಲುಗಳಲ್ಲಿ ಅವರ ದನಿ ಮೇಲಿನವರೆಗೂ ಕೇಳುತ್ತದೆ.

“ಹ್ಞೂಂ, ಬರ್ತೀನ್ರಿ… ಇಲ್ಲ, ಆ ರೆಕಾರ್ಡ್ ಹಚ್ಚೂದು ಬ್ಯಾಡ. ನಮ್ಮ ಮನಿಯಾಕಿ ಹಾಡ್ತಾಳ… ಢೋಲಕಿ? ಢೋಲಕಿ ಮಗಳು ಬಾರಸ್ತಾಳ್ರಿ… ಹೌದ್ರೀ, ಅಂಧೇರಿಯೊಳಗ ಇರೂ ಮಗಳs… ಸ್ವಲ್ಪ ಅವಸರದಾಕಿ. ಭಾನುವಾರದೊಳಗ ತಿದ್ದತೀನಿ.”

“ಅವಸರದಾಕಿ ಅಂತ! ಕೇಳಿದ್ರಿಲ್ಲ?” ಎಂದು ಶಿವಕುಮಾರಿ ಬಾಗಿಲಲ್ಲಿ ನಿಂತು ಸಿಡುಕುತ್ತಾರೆ. ಒಳಗೆ ವರ ಇನ್ನೂ ಕುದುರೆಯ ಮೇಲೆಯೇ ಇದ್ದಾನೆ, ಗಡಿಯಾರ ಮಧ್ಯಾಹ್ನದ ಕಡೆ ಓಡುತ್ತಿದೆ. ಆದರೂ ಅಪ್ಪನ ದನಿ ಕೆಳಗಿನ ಗೇಟು ದಾಟುವವರೆಗೆ ಅವರು ಬಾಗಿಲು ಮುಚ್ಚುವುದಿಲ್ಲ.